ಹೊಸ ಮಷಿನ್ ಮಾಡುತ್ತಲೇ ಇದ್ದೇವೆ, ಗೋಡೌನ್ ತುಂಬುತ್ತಲೇ ಇದೆ. ಎಲ್ಲಿ ತಪ್ಪುತ್ತಿದ್ದೇವೆ?

ಕರೂರು ಶೆಡ್

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಕೃಷಿ ಯಂತ್ರ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ನಲವತ್ತು ಚಿಲ್ಲರೆ ಜನ ಇದ್ದೇವೆ. ಟ್ರ್ಯಾಕ್ಟರ್ ಪಿಟಿಓಗೆ, ಅಂದರೆ ಹಿಂದೆ ತಿರುಗುವ ಶಾಫ್ಟಿಗೆ, ಹಾಕಿ ಓಡಿಸುವ ದೊಡ್ಡ ಮೆಕ್ಕೆಜೋಳ ಸುಲಿಯುವ ಮಷಿನ್ ನಮ್ಮ ಅನ್ನ. ಅದು ವರ್ಷ ವರ್ಷ ತಾನಾಗಿ ಮಾರಾಟವಾಗುತ್ತದೆ. ತಲೆನೋವು ಹೊಸ ಮಷಿನ್‌ಗಳದ್ದು.

ನಾಲ್ಕು ವರ್ಷದಲ್ಲಿ ಮೂರಕ್ಕೆ ಕೈ ಹಾಕಿದೆವು. ಮೊದಲನೆಯದು ಸಣ್ಣ ರೈತರಿಗೆಂದು ಮಾಡಿದ, ಮೆಕ್ಕೆಜೋಳ ಸುಲಿಯುವ ಚಿಕ್ಕ ಮಷಿನ್. ಮನೆ ಕರೆಂಟಿನಲ್ಲಿ, 2 ಎಚ್‌ಪಿ ಮೋಟಾರಿನಲ್ಲಿ ಓಡುತ್ತದೆ. 25 ಮಾಡಿದೆವು, 4 ಮಾರಾಟವಾದವು. ಅದರಲ್ಲೂ ಒಂದು ವಾಪಸ್ ಬಂತು. ಎರಡನೆಯದು ಅಡಿಕೆ ಸುಲಿಯುವ ಮಷಿನ್. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಚನ್ನಗಿರಿ, ಭೀಮಸಮುದ್ರದ ಕಡೆ ತೋರಿಸಲು ಒಯ್ಯುವಷ್ಟರಲ್ಲಿ ಆ ವರ್ಷದ ಸುಲಿತ ಮುಗಿದಿತ್ತು. ಮುಂದಿನ ವರ್ಷ ಬೇರೆಯವರ ಮಷಿನ್ ಬಂದು ಕೂತಿತ್ತು. ಮೂರನೆಯದು ಈಗ ನಡೆಯುತ್ತಿದೆ. ಮೆಕ್ಕೆಜೋಳ, ರಾಗಿ, ತೊಗರಿ ಮೂರನ್ನೂ ಒಂದೇ ಮಷಿನ್ ಒಕ್ಕಬೇಕಂತೆ. ಡ್ರಾಯಿಂಗ್ ಹನ್ನೊಂದು ಸಲ ಬದಲಾಗಿದೆ. ಮುಂದಿನ ವಾರ ಡೈಗೆ, ಅಂದರೆ ಭಾಗಗಳನ್ನು ಒತ್ತುವ ಅಚ್ಚಿಗೆ, ಅಡ್ವಾನ್ಸ್ ಕೊಡಬೇಕು. ಸುಮಾರು 6 ಲಕ್ಷದ ಬಾಬ್ತು.

ನಮ್ಮಲ್ಲಿ ಹೊಸದು ಹುಟ್ಟುವುದು ಹೇಗೆ ಅಂತ ಹೇಳುತ್ತೇನೆ, ನಗಬೇಡಿ. ಯಜಮಾನರು ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗುತ್ತಾರೆ. ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ. ಸೋಮವಾರ ಬೆಳಿಗ್ಗೆ ಡ್ರಾಯಿಂಗ್ ಹುಡುಗನ ಟೇಬಲ್ ಮೇಲೆ ಆ ಫೋನ್ ಇಡುತ್ತಾರೆ. "ಇದನ್ನ ನಾವೂ ಮಾಡಬಹುದಲ್ವಾ?" ಅಷ್ಟೇ, ಕೆಲಸ ಶುರು.

ಒಬ್ಬ ಕನ್ಸಲ್ಟೆಂಟ್ ಬಂದು ನಲವತ್ತು ಪುಟದ ಫೈಲ್ ಕೊಟ್ಟು ಹೋಗಿದ್ದಾರೆ. ಬರೀ ಫಾರ್ಮ್. ನಮ್ಮಂಥ ಕಡೆ ಅದು ನಡೆಯುತ್ತಾ? ಸರಿ ಮಾಡಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಹರಿಹರದ ಹಳೇ ಟರ್ನರ್

ಫೈಲ್ ಪಕ್ಕಕ್ಕಿಡಿ. ಆ 4 ಮಷಿನ್ ಯಾರು ತಗೊಂಡರು? ವಾಪಸ್ ಬಂದದ್ದು ಯಾಕೆ ಬಂತು? ಇಷ್ಟು ಹೇಳಿ ಮೊದಲು.

ಬೆಣ್ಣೆ ಖಾಲಿ

ನಿಮ್ಮಲ್ಲಿ ಫೋಟೋನಾದರೂ ಇದೆ. ನಮ್ಮ ಯಜಮಾನರು ಗಾಳಿಯಲ್ಲಿ ಕೈಯಾಡಿಸಿ "ಹಿಂಗಿತ್ತು ನೋಡು" ಅನ್ನುತ್ತಾರೆ. ಅದಕ್ಕೆ ಡ್ರಾಯಿಂಗ್ ಬರೆಯಬೇಕು.

ಕರೂರು ಶೆಡ್

ಹಳೇ ಟರ್ನರ್ ಅವರೇ, ಉತ್ತರ ಗೊತ್ತಿರಲಿಲ್ಲ. ಡೀಲರ್‌ಗಳಿಗೆ ಫೋನ್ ಮಾಡಿ ಕೇಳಬೇಕಾಯಿತು. ನಾಚಿಕೆಯ ವಿಷಯ ಅದೇ.

ಎರಡು ಮಷಿನ್ ಹೋದದ್ದು ಒಬ್ಬ ಡೀಲರ್ ನೆಂಟರಿಗೆ. ಒಂದನ್ನು ತಗೊಂಡವರು ಬೀಜದ ಮೆಕ್ಕೆಜೋಳ ಬೆಳೆಯುವವರು. ಕಾಳು ಒಡೆಯುವುದಿಲ್ಲ ಅಂತ ಅವರಿಗೆ ತುಂಬಾ ಇಷ್ಟವಾಗಿದೆಯಂತೆ, ಇನ್ನೊಂದು ಇದೆಯಾ ಅಂತ ಹೋದ ವರ್ಷವೇ ಕೇಳಿದ್ದರಂತೆ. ಡೀಲರ್ ನಮಗೆ ಹೇಳಲೇ ಇಲ್ಲ. ವಾಪಸ್ ಬಂದದ್ದು ಹೊಲದಲ್ಲಿ ಮನೆ ಮಾಡಿಕೊಂಡವರದ್ದು. ಸಂಜೆ ವೋಲ್ಟೇಜ್ ಬಿದ್ದರೆ ಮೋಟಾರು ಗುಂಯ್ ಅಂತ ನಿಂತುಬಿಡುತ್ತಿತ್ತಂತೆ. ನಾವು ಅದನ್ನು "ಮೋಟಾರ್ ಕಂಪ್ಲೇಂಟ್" ಅಂತ ಬರೆದುಕೊಂಡು ಮೋಟಾರು ಬದಲಾಯಿಸಿ ಮೂಲೆಗಿಟ್ಟಿದ್ದೇವೆ.

ಜಗಳೂರು ಬಾಡಿಗೆ ಮಷಿನ್

ಗೆಳೆಯರೊಬ್ಬರು ಈ ಚರ್ಚೆ ತೋರಿಸಿದರು. ನಾನು ಎರಡು ಮೆಕ್ಕೆಜೋಳದ ಮಷಿನ್ ಇಟ್ಟುಕೊಂಡು ಬಾಡಿಗೆ ಮಾಡುವವನು. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ.

ಎರಡು ಎಕರೆ ರೈತ ಮಷಿನ್ ಕೊಳ್ಳುವುದಿಲ್ಲ. ಹತ್ತು ಎಕರೆಯವನೂ ಕೊಳ್ಳುವುದಿಲ್ಲ. ಅವನಿಗೆ ವರ್ಷಕ್ಕೆ ಒಂದು ದಿನದ ಕೆಲಸ ಅದು. ನನಗೆ ಫೋನ್ ಮಾಡುತ್ತಾನೆ. ನಾನು ಕಣಕ್ಕೆ ಹೋಗುತ್ತೇನೆ. ಚೀಲಕ್ಕೆ ಇಷ್ಟು ಅಂತ ದುಡ್ಡು. ಮಧ್ಯಾಹ್ನದೊಳಗೆ ರಾಶಿ ಮುಗಿಯುತ್ತದೆ. ನಿಮ್ಮ ಚಿಕ್ಕ ಮಷಿನ್ ಮುಂದೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಾರ ಕೂರಬೇಕು. ಯಾಕೆ ಕೂರುತ್ತಾನೆ?

ಕೊಳ್ಳುವವನು ನಾನು. ಸಾಲ ಮಾಡಿ ಕೊಳ್ಳುತ್ತೇನೆ. ಎರಡು ಎರಡೂವರೆ ತಿಂಗಳಲ್ಲಿ ವರ್ಷದ ಕಂತು ದುಡಿಯಬೇಕು. ನನ್ನ ಲೆಕ್ಕ ಕೇಳಿ. ತಾಸಿಗೆ ಎಷ್ಟು ಚೀಲ. ರಾತ್ರಿ ಒಂದು ಊರಿಂದ ಇನ್ನೊಂದು ಊರಿಗೆ ಎಳೆದುಕೊಂಡು ಹೋಗುವಾಗ ಆಕ್ಸಲ್ ತಡೆಯುತ್ತದೆಯಾ. ಬೇರಿಂಗ್ ಹೋದರೆ ಜಗಳೂರು ಪೇಟೆಯಲ್ಲೇ ಸಿಗುತ್ತದೆಯಾ. ಒಂದು ಕಂಪನಿಯವರು ಹೊಸ ಮಾಡೆಲ್‌ಗೆ ಯಾವುದೋ ವಿಚಿತ್ರ ಸೈಜಿನ ಬೇರಿಂಗ್ ಹಾಕಿದ್ದರು. ಅದನ್ನು ತರಲು ದಾವಣಗೆರೆಗೆ ಹೋಗಿ ಬರುವಷ್ಟರಲ್ಲಿ ನನ್ನ ಎರಡು ಕಣ ಬೇರೆಯವನ ಪಾಲಾದವು. ಆ ಕಂಪನಿ ಮಷಿನ್ ಮತ್ತೆ ಮುಟ್ಟಿಲ್ಲ. ಊರಲ್ಲಿ ಹತ್ತು ಜನಕ್ಕೆ ಹೇಳಿದ್ದೇನೆ, ಅವರೂ ಮುಟ್ಟಿಲ್ಲ.

ಇನ್ನೊಂದು. ತೆನೆ ಹಾಕುವವರಲ್ಲಿ ಹೆಂಗಸರೇ ಜಾಸ್ತಿ. ಹಾಕುವ ಬಾಯಿ ಒಂದು ಗೇಣು ಎತ್ತರವಾದರೆ ಬುಟ್ಟಿ ಎತ್ತಿ ಎತ್ತಿ ಭುಜ ಹೋಗುತ್ತದೆ. ಮಧ್ಯಾಹ್ನದ ಮೇಲೆ ಚೀಲ ತಾನಾಗಿ ಕಮ್ಮಿಯಾಗುತ್ತದೆ. ಈ ಲೆಕ್ಕ ನಿಮ್ಮ ಡ್ರಾಯಿಂಗ್‌ನಲ್ಲಿ ಇದೆಯಾ?

ಇಷ್ಟು ವರ್ಷದಲ್ಲಿ ಯಾವುದೇ ಕಾರ್ಖಾನೆಯಿಂದ ನನಗೆ ಫೋನ್ ಬಂದು ಕೇಳಿದ ಪ್ರಶ್ನೆ ಒಂದೇ. ಬಾಕಿ ಯಾವಾಗ ಕೊಡುತ್ತೀಯ?

ಹರಿಹರದ ಹಳೇ ಟರ್ನರ್

ಬಾಡಿಗೆ ಮಷಿನ್ ಅವರ ಮಾತನ್ನು ಪ್ರಿಂಟ್ ತೆಗೆದು ಡ್ರಾಯಿಂಗ್ ರೂಮಿನ ಗೋಡೆಗೆ ಅಂಟಿಸಿ. ನಲವತ್ತು ಪುಟಕ್ಕಿಂತ ಭಾರ ಇದೆ.

ಕ್ವಾಲಿಟಿ ಮೇಡಂ

ನಾನು ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಮಾಡುವ ಕಡೆ ಇದ್ದೇನೆ. ಆ ಫೈಲನ್ನು ಪೂರ್ತಿ ಬಿಸಾಕಬೇಡಿ. ಬಹುಶಃ ಅದು ಸ್ಟೇಜ್-ಗೇಟ್ ಪದ್ಧತಿ. ಕೆನಡಾದ ರಾಬರ್ಟ್ ಕೂಪರ್ 1980ರ ದಶಕದಲ್ಲಿ ಚಾಲ್ತಿಗೆ ತಂದದ್ದು. ಐಡಿಯಾದಿಂದ ಮಾರುಕಟ್ಟೆವರೆಗಿನ ದಾರಿಯನ್ನು ಹಂತ ಮಾಡಿ, ಹಂತ ಹಂತಕ್ಕೂ ಮುಂಚೆ ಒಂದು ಗೇಟ್ ಇಡುತ್ತಾರೆ. ಎಲ್ಲರೂ ತಪ್ಪು ತಿಳಿದುಕೊಳ್ಳುವುದು ಈ ಗೇಟನ್ನೇ. ಗೇಟಿನಲ್ಲಿ ಕೇಳಬೇಕಾದದ್ದು "ಕೆಲಸ ಎಲ್ಲಿಗೆ ಬಂತು" ಅಂತ ಅಲ್ಲ. "ಇನ್ನೂ ದುಡ್ಡು ಹಾಕೋದಾ, ಇಲ್ಲೇ ನಿಲ್ಲಿಸೋದಾ" ಅಂತ. ನಿಲ್ಲಿಸುವ ಅಧಿಕಾರ ಇಲ್ಲದಿದ್ದರೆ ಅದು ಗೇಟಲ್ಲ, ತೋರಣ.

ನಲವತ್ತು ಜನರ ಕಾರ್ಖಾನೆಗೆ ಮೂರು ಗೇಟ್ ಸಾಕು.

ಮೊದಲನೆಯದು ಡ್ರಾಯಿಂಗ್‌ಗೆ ಮುಂಚೆ. ಫೋಟೋ ಬರಲಿ, ಬೇಡ ಅನ್ನಬೇಡಿ. ಆದರೆ ಫೋಟೋ ಜೊತೆ ಮೂರು ಜನರ ಹೆಸರೂ ಬರಬೇಕು. ಯಾರು ದುಡ್ಡು ಕೊಡುತ್ತಾರೆ, ಯಾರು ಓಡಿಸುತ್ತಾರೆ, ಕೆಟ್ಟರೆ ಯಾರು ಬಿಚ್ಚುತ್ತಾರೆ. ನಿಮ್ಮ ಚಿಕ್ಕ ಮಷಿನ್‌ನಲ್ಲಿ ಮೂವರೂ ಒಬ್ಬನೇ ಅಂದುಕೊಂಡಿರಿ. ಮೇಲೆ ನೋಡಿ, ಮೂವರೂ ಬೇರೆ ಬೇರೆ. ಮೂವರ ಜೊತೆಗೂ ಅರ್ಧ ದಿನ ನಿಂತು ಬಂದ ಮೇಲೆ ಡ್ರಾಯಿಂಗ್ ಶುರು ಮಾಡಿ. ಈ ಗೇಟಿನ ಖರ್ಚು ಪೆಟ್ರೋಲ್ ಮಾತ್ರ.

ಎರಡನೆಯದು ಡೈಗೆ ಮುಂಚೆ. ಒಂದೇ ಮಷಿನ್ ಮಾಡಿ. ಗ್ಯಾಸ್ ಕಟಿಂಗ್, ಕೈ ವೆಲ್ಡಿಂಗ್, ನಟ್ಟು ಬೋಲ್ಟು. ಅಂದವಾಗಿರುವುದು ಬೇಡ, ಪೇಂಟೂ ಬೇಡ. ಕಣದಲ್ಲಿ ಓಡಬೇಕು ಅಷ್ಟೇ. ಬೆಲೆಯೂ ಇಲ್ಲೇ ತೀರ್ಮಾನವಾಗಬೇಕು. ನಮ್ಮ ಖರ್ಚಿನ ಮೇಲೆ ಲಾಭ ಸೇರಿಸಿ ಬೆಲೆ ಕಟ್ಟುವುದಲ್ಲ. ಬಾಡಿಗೆಯವರು ಎಷ್ಟು ಕೊಡುತ್ತಾರೆ ಅನ್ನುವುದರಿಂದ ಶುರು ಮಾಡಿ, ಡೀಲರ್ ಮಾರ್ಜಿನ್ ಕಳೆಯಿರಿ, ನಿಮ್ಮ ಲಾಭ ಕಳೆಯಿರಿ. ಉಳಿದದ್ದರೊಳಗೆ ಮಷಿನ್ ಆಗುತ್ತಾ? ಆಗದಿದ್ದರೆ ಡ್ರಾಯಿಂಗ್ ಬದಲಾಯಿಸಿ. ಆಗಲೂ ಆಗದಿದ್ದರೆ ಬಿಡಿ.

ಮೂರನೆಯದು ಬ್ಯಾಚ್‌ಗೆ ಮುಂಚೆ. 25 ಮಾಡಬೇಡಿ, 5 ಮಾಡಿ. ಐದು ಜನ ಬಾಡಿಗೆಯವರಿಗೆ ಒಂದು ಸೀಸನ್ ಕೊಡಿ. ಏನು ಮುರಿಯಿತು ಅಂತ ಪ್ರತಿ ವಾರ ಬರೆದುಕೊಳ್ಳಿ.

ಫಾರ್ಮ್‌ಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಎಫ್‌ಎಂಇಎ. ಏನೇನು ಕೆಡಬಹುದು ಅಂತ ಮುಂಚೆಯೇ ಕೂತು ಪಟ್ಟಿ ಮಾಡುವುದು. ಕೆಟ್ಟರೆ ಎಷ್ಟು ಅಪಾಯ, ಎಷ್ಟು ಸಲ ಕೆಡಬಹುದು, ಮುಂಚೆ ಗೊತ್ತಾಗುವುದು ಎಷ್ಟು ಕಷ್ಟ, ಮೂರಕ್ಕೂ 1ರಿಂದ 10ರವರೆಗೆ ಅಂಕ. ಹಿಂದೆ ಮೂರನ್ನೂ ಗುಣಿಸಿ, ದೊಡ್ಡ ಸಂಖ್ಯೆ ಬಂದದ್ದನ್ನು ಮೊದಲು ಸರಿ ಮಾಡುತ್ತಿದ್ದರು. ಇದರಲ್ಲಿ ಒಂದು ಮೋಸ ಇದೆ. ಬೆಲ್ಟ್ ಜಾರುವುದಕ್ಕೆ 4, 4, 4 ಕೊಟ್ಟರೆ 64. ಕೈ ಡ್ರಮ್ಮಿಗೆ ಸಿಕ್ಕಿಕೊಳ್ಳುವುದಕ್ಕೆ 10, 2, 2 ಕೊಟ್ಟರೆ 40. ಲೆಕ್ಕದ ಪ್ರಕಾರ ಬೆಲ್ಟ್ ಮೊದಲು! ಅದಕ್ಕೇ 2019ರಲ್ಲಿ ವಾಹನ ಉದ್ಯಮದ ಹೊಸ ಕೈಪಿಡಿ ಗುಣಾಕಾರ ಬಿಟ್ಟು, ಅಪಾಯಕ್ಕೆ ಮೊದಲ ಜಾಗ ಕೊಟ್ಟಿತು. ನೀವು ಮಾಡುವುದು ತೆನೆ ಹಾಕುವ ಮಷಿನ್. ಕೈ, ಸೆರಗು, ಪಿಟಿಓ ಶಾಫ್ಟ್ ಇವುಗಳನ್ನು ಅಂಕ ಹಾಕದೆಯೇ ಮೇಲಿಡಿ. ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಸೆಕೆಂಡಿಗೆ 9. ಸೆರಗು ಸಿಕ್ಕರೆ ಕೂಗುವಷ್ಟು ಸಮಯವೂ ಸಿಗುವುದಿಲ್ಲ.

ದುರ್ಗದ ಬಂಡೆ

ಮೇಡಂ ಹೇಳಿದ್ದು ಪುಸ್ತಕದಲ್ಲಿ ಸರಿ. ನಾನು ಹಿಂದೆ ಕೆಲಸ ಮಾಡಿದ ಒಂದು ದೊಡ್ಡ ಕಡೆ ಏಳು ಗೇಟ್ ಇದ್ದವು. ಏಳು ಸಹಿ. ಪ್ರತಿಯೊಬ್ಬರೂ "ಮುಂದಿನವರು ನೋಡಿಕೊಳ್ಳುತ್ತಾರೆ" ಅಂತ ಸಹಿ ಹಾಕುತ್ತಿದ್ದರು. ಮಾಲು ಗಿರಾಕಿ ಹತ್ತಿರ ಹೋಗಿ ಬಿತ್ತು.

ನಮ್ಮ ದುರ್ಗಕ್ಕೆ ಏಳು ಸುತ್ತಿನ ಕೋಟೆ ಇತ್ತು. ಹೈದರಾಲಿಯ ಸೈನಿಕರು ಬಾಗಿಲಿಗೆ ಬಂದರಾ? ಕಿಂಡಿಯಲ್ಲಿ ನುಸುಳಿದರು. ಓಬವ್ವ ಅಲ್ಲಿದ್ದದ್ದು ಕಾವಲಿನ ಆರ್ಡರ್ ಇತ್ತು ಅಂತಲ್ಲ. ನೀರಿಗೆ ಹೋಗಿದ್ದಳು, ಕಂಡಿತು. ನಿಮ್ಮ ಕಾರ್ಖಾನೆಯಲ್ಲೂ ಕಿಂಡಿ ಯಾರಿಗೋ ಕಂಡಿರುತ್ತದೆ. ಆ 25 ಮಷಿನ್ ಮಾಡುವಾಗ "ಇದು ಹೋಗಲ್ಲ" ಅಂತ ಅಂದವರು ಯಾರೂ ಇರಲಿಲ್ಲವಾ? ನಿಜ ಹೇಳಿ.

ಕರೂರು ಶೆಡ್

ಇದ್ದರು. ನಮ್ಮ ವೆಲ್ಡರ್. ಅವನ ತಮ್ಮ ಹೊನ್ನಾಳಿ ಕಡೆ ಬಾಡಿಗೆ ಮಷಿನ್ ಓಡಿಸುತ್ತಾನೆ. "ಸಾರ್, ಇದನ್ನ ಯಾರ್ ತಗೋತಾರೆ?" ಅಂತ ಅವನು ಕೇಳಿದ್ದು ನನ್ನ ಹತ್ತಿರವೇ. ನಾನು "ನಿನ್ನ ಕೆಲಸ ನೋಡು" ಅಂದಿದ್ದೆ.

ಬೆಣ್ಣೆ ಖಾಲಿ

ಇದನ್ನು ಬರೆದದ್ದಕ್ಕೆ ನಿಮಗೆ ಒಂದು ಖಾಲಿ ದೋಸೆ ನನ್ನ ಲೆಕ್ಕದಲ್ಲಿ. ವೆಲ್ಡರ್‌ಗೆ ಎರಡು.

ಮಂಡಕ್ಕಿ ಭಟ್ಟಿ

ನಮ್ಮದು ಮಷಿನ್ ಅಲ್ಲ, ತಿಂಡಿ. ಆದರೂ ಹೇಳುತ್ತೇನೆ. ಎರಡು ತಲೆಮಾರಿನಿಂದ ಮಂಡಕ್ಕಿ ಭಟ್ಟಿ ನಮ್ಮದು. ಪ್ಯಾಕೆಟ್ ಮಂಡಕ್ಕಿ ಮಾಡೋಣ, ಬೆಂಗಳೂರಿಗೆ ಕಳಿಸೋಣ ಅಂತ ತಮ್ಮ ಹಟ ಹಿಡಿದ. ಒಗ್ಗರಣೆ ಮಸಾಲೆ ಬೇರೆ ಸ್ಯಾಚೆಟ್, ಮಂಡಕ್ಕಿ ಬೇರೆ. ಮನೆಯಲ್ಲಿ ಈರುಳ್ಳಿ ಹೆಚ್ಚಿ ಕಲಸಿಕೊಂಡರೆ ಆಯಿತು. ಮಾರ್ಚ್‌ನಲ್ಲಿ ಟ್ರಯಲ್ ಮಾಡಿದೆವು. ಒಂದು ತಿಂಗಳಾದರೂ ಗರಿಗರಿ. ಖುಷಿಯೋ ಖುಷಿ. ಪ್ಯಾಕೆಟ್ ಕವರು ಸಾವಿರಗಟ್ಟಲೆ ಪ್ರಿಂಟ್ ಹಾಕಿಸಿದೆವು. ಜುಲೈನಲ್ಲಿ ಕಳಿಸಿದ ಮಾಲು ಹತ್ತು ದಿನಕ್ಕೆ ಮೆತ್ತಗೆ ವಾಪಸ್.

ದಾವಣಗೆರೆಯ ಮಾರ್ಚ್‌ನಲ್ಲಿ ಏನಿಟ್ಟರೂ ಗರಿಗರಿಯೇ ಇರುತ್ತದೆ, ಕವರಿನ ಪುಣ್ಯ ಏನೂ ಇಲ್ಲ. ಮಂಡಕ್ಕಿ ಗಾಳಿಯ ತೇವವನ್ನು ಹತ್ತಿಯ ಹಾಗೆ ಹೀರುತ್ತದೆ. ಇಷ್ಟು ವರ್ಷ ಭಟ್ಟಿ ನಡೆಸಿದವರಿಗೆ ಇದು ಗೊತ್ತಿರಲಿಲ್ಲವಾ? ಗೊತ್ತಿತ್ತು. ಟ್ರಯಲ್ ಮಾಡುವಾಗ ನೆನಪಾಗಲಿಲ್ಲ. ಆಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಓದಿದ ಒಬ್ಬರು ಹೇಳಿಕೊಟ್ಟರು. 38 ಡಿಗ್ರಿ ಬಿಸಿ, ಶೇಕಡಾ 90 ತೇವ ಇರುವ ಪೆಟ್ಟಿಗೆಯಲ್ಲಿ ಪ್ಯಾಕೆಟ್ ಇಟ್ಟು ನೋಡುತ್ತಾರಂತೆ. ತಿಂಗಳುಗಳ ಕಥೆ ಕೆಲವು ವಾರದಲ್ಲಿ ಗೊತ್ತಾಗುತ್ತದೆ. ಈಗ ಬೆಳ್ಳಿ ಬಣ್ಣದ ಲೋಹದ ಪದರ ಇರುವ ಕವರು ಹಾಕುತ್ತೇವೆ. ಹಳೇ ಕವರು ಇನ್ನೂ ಅಟ್ಟದ ಮೇಲಿವೆ, ಬೇಕಾದವರು ಒಯ್ಯಬಹುದು.

ನಿಮ್ಮ ಮಷಿನ್‌ಗೂ ಇದೇ ಕೇಳುತ್ತೇನೆ. ಯಾವ ತೆನೆ ಹಾಕಿ ಟ್ರಯಲ್ ಮಾಡಿದಿರಿ?

ಕರೂರು ಶೆಡ್

ಚೆನ್ನಾಗಿ ಒಣಗಿದ ತೆನೆ. ಕಾರ್ಖಾನೆ ಅಂಗಳದಲ್ಲಿ. ಏಪ್ರಿಲ್‌ನಲ್ಲಿ.

ನಮ್ಮ ನಿಜವಾದ ಕಷ್ಟ ಇಲ್ಲೇ ಇದೆ. ನಮ್ಮ ಕಡೆ ಮುಂಗಾರಿನ ಮೆಕ್ಕೆಜೋಳ ಬರುವುದು ಅಕ್ಟೋಬರ್‌ನಿಂದ. ಸಂಕ್ರಾಂತಿ ಹೊತ್ತಿಗೆ ಕಣ ಖಾಲಿ. ಅಷ್ಟರೊಳಗೆ ಟ್ರಯಲ್ ಆಗದಿದ್ದರೆ ಒಂದು ವರ್ಷ ಹೋಯಿತು. ಆ ತಿಂಗಳುಗಳಲ್ಲಿ ಹಳೇ ಮಷಿನ್ ಆರ್ಡರ್, ಸರ್ವೀಸ್ ಅಂತ ಉಸಿರಾಡಲು ಆಗುವುದಿಲ್ಲ. ಹೊಸದಕ್ಕೆ ಕೈ ಖಾಲಿಯಾಗುವುದು ಬೇಸಿಗೆಯಲ್ಲಿ. ಆಗ ತೆನೆ ಇರುವುದಿಲ್ಲ. ಅಡಿಕೆ ಮಷಿನ್ ಸೋತದ್ದೂ ಇದೇ ಕಾರಣಕ್ಕೆ.

ಬೀಜದ ಜೋಳ

ತೇವದ ಮಾತು ಬಂದದ್ದು ಒಳ್ಳೆಯದಾಯಿತು. ಮಳೆ ಹಿಡಿದ ವರ್ಷ ರೈತ ಕಾಯುವುದಿಲ್ಲ, ಹಸಿ ತೆನೆಯನ್ನೇ ಸುಲಿಸುತ್ತಾನೆ. ಹಸಿ ಕಾಳು ಡ್ರಮ್ಮಿನ ಏಟಿಗೆ ಜಜ್ಜುತ್ತದೆ. ಅತಿ ಒಣಗಿದ್ದು ಸಿಡಿದು ಎರಡಾಗುತ್ತದೆ. ಬೆಂಬಲ ಬೆಲೆ ಖರೀದಿಯಲ್ಲಿ ತೇವ ಶೇಕಡಾ 14ರ ಒಳಗಿರಬೇಕು, ಒಡೆದ ಕಾಳಿಗೂ ಮಿತಿ ಇದೆ. ಹಾಗಾಗಿ ತಾಸಿಗೆ ಎಷ್ಟು ಚೀಲ ಅನ್ನುವುದರ ಜೊತೆ, ನೂರು ಕಾಳಿನಲ್ಲಿ ಎಷ್ಟು ಒಡೆದವು ಅಂತಲೂ ಎಣಿಸಿ. ತೇವ ಅಳೆಯುವ ಮೀಟರ್ ಒಂದು ಇಟ್ಟುಕೊಳ್ಳಿ. ಹಸಿ, ಮಧ್ಯಮ, ಒಣ ಮೂರರಲ್ಲೂ ಓಡಿಸಿ. ನಮ್ಮಂಥವರಿಗಂತೂ ಮೊಳಕೆ ಬರುವ ಮುಖ ಒಡೆದುಹೋದ ಬೀಜ ಬೀಜವೇ ಅಲ್ಲ.

ಬೇಸಿಗೆ ಟ್ರಯಲ್‌ಗೆ ಒಂದು ದಾರಿ ಇದೆ. ಬಿಹಾರದ ಪೂರ್ಣಿಯಾ, ಕಟಿಹಾರ್ ಕಡೆ ಹಿಂಗಾರಿ ಮೆಕ್ಕೆಜೋಳ ಜೋರು. ಅಲ್ಲಿ ಏಪ್ರಿಲ್, ಮೇನಲ್ಲಿ ಕಟಾವು. ದೂರ ನಿಜ. ಲಾರಿ ಬಾಡಿಗೆ ಕೊಟ್ಟು ಒಂದು ಮಷಿನ್, ಇಬ್ಬರು ಹುಡುಗರನ್ನು ಕಳಿಸಿದರೆ ಒಂದು ವರ್ಷ ಉಳಿಯುತ್ತದೆ. ತಿಂಗಳ ಮಟ್ಟಿಗೆ ಅಷ್ಟು ದೂರ ಆಗಲ್ಲ ಅಂದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ನೀರಾವರಿಯಲ್ಲಿ ಹೊತ್ತಲ್ಲದ ಹೊತ್ತಿಗೆ ಬೆಳೆ ತೆಗೆಯುವ ರೈತರು ಅವರಿಗೆ ಗೊತ್ತಿರುತ್ತಾರೆ.

ಹರಿಹರದ ಹಳೇ ಟರ್ನರ್

ಮೂರು ಬೆಳೆಯ ಮಷಿನ್ ಬಗ್ಗೆ ಯಾರೂ ಮಾತಾಡಲಿಲ್ಲ. ಮುಂದಿನ ವಾರ ದುಡ್ಡು ಹೋಗುವುದು ಅದಕ್ಕೆ ಅಲ್ವಾ?

ಮೂರು ಬೆಳೆ ಒಕ್ಕುವ ಮಷಿನ್ ಆಗದ ಕೆಲಸ ಅಲ್ಲ. ಪೇಟೆಯಲ್ಲಿ ಇವೆ. ಆದರೆ ಮೆಕ್ಕೆಜೋಳ ಬರುವುದು ಬರೀ ತೆನೆಯಾಗಿ. ತೊಗರಿ ಬರುವುದು ಗಿಡ ಸಮೇತ, ಕಡ್ಡಿ ಸಮೇತ. ರಾಗಿ ಕಾಳು ಸಾಸಿವೆಯಷ್ಟು. ಜರಡಿ ಬೇರೆ, ಡ್ರಮ್ಮಿನ ವೇಗ ಬೇರೆ, ಡ್ರಮ್ಮಿಗೂ ಕೆಳಗಿನ ಜಾಲರಿಗೂ ಇರುವ ಸಂದು ಬೇರೆ, ಗಾಳಿ ಬೇರೆ. ಮೆಕ್ಕೆಜೋಳದ ಗಾಳಿ ಬಿಟ್ಟರೆ ರಾಗಿ ಹೊಟ್ಟಿನ ಜೊತೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಹನ್ನೊಂದು ಸಲ ಡ್ರಾಯಿಂಗ್ ಬದಲಾದದ್ದು ನಿಮ್ಮ ಹುಡುಗನ ತಪ್ಪಲ್ಲ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತಿರಬೇಕು. ಬದಲಾವಣೆ ಯಾಕೆ ಅಂತ ಪ್ರತಿ ಸಲ ಬರೆದಿಟ್ಟಿದ್ದಾನಾ?

ಕೇಳಬೇಕಾದದ್ದು ಒಂದೇ. ಒಂದು ಬೆಳೆಯಿಂದ ಇನ್ನೊಂದಕ್ಕೆ ಬದಲಾಯಿಸಲು ಕಣದಲ್ಲಿ, ಒಬ್ಬನೇ ಮನುಷ್ಯನಿಗೆ, ಎಷ್ಟು ಹೊತ್ತು ಬೇಕು?

ಕರೂರು ಶೆಡ್

ಬರೆದಿಟ್ಟಿಲ್ಲ. ಫೈಲ್ ಹೆಸರುಗಳು "ಫೈನಲ್", "ಫೈನಲ್ 2", "ಹೊಸ ಫೈನಲ್", "ಯಜಮಾನ್ರು ಒಪ್ಪಿದ್ದು". ಬದಲಾಯಿಸಲು ಎಷ್ಟು ಹೊತ್ತು ಅಂತ ಇವತ್ತು ಹಳೇ ಮಷಿನ್ ಮೇಲೆ ಫಿಟ್ಟರ್ ಜೊತೆ ಅಂದಾಜು ಮಾಡಿದೆ. ಪುಲ್ಲಿ, ಜರಡಿ, ಜಾಲರಿ ಸೇರಿ ಎರಡೂವರೆ ತಾಸು. ಇಬ್ಬರಿಗೆ. ಭಾರ ಎತ್ತುವ ಚೈನ್ ಬ್ಲಾಕ್ ಇಟ್ಟುಕೊಂಡು.

ಜಗಳೂರು ಬಾಡಿಗೆ ಮಷಿನ್

ಕಣದಲ್ಲಿ ಚೈನ್ ಬ್ಲಾಕ್ ಎಲ್ಲಿ ಕಟ್ಟಲಿ, ಹುಣಸೆ ಮರಕ್ಕಾ?

ತಮಾಷೆ ಇರಲಿ. ತೊಗರಿ ಬೇಕು ನನಗೆ. ಮೆಕ್ಕೆಜೋಳ ಮುಗಿಯುತ್ತಿದ್ದ ಹಾಗೆ ತೊಗರಿ ಶುರುವಾಗುತ್ತದೆ, ಮಷಿನ್ ಇನ್ನೂ ಒಂದು ತಿಂಗಳು ದುಡಿಯುತ್ತದೆ. ವರ್ಷಕ್ಕೆ ಒಂದೇ ಸಲ ಬದಲಾಯಿಸುವುದು, ಹಾಗಾಗಿ ಅರ್ಧ ದಿನ ಹೋದರೂ ಪರವಾಗಿಲ್ಲ. ರಾಗಿ ನನಗೆ ಬೇಡ. ನಮ್ಮ ಕಡೆ ರಾಗಿ ಮಾಡುವವರು ಬೇರೆಯವರು ಇದ್ದಾರೆ. ರಾಗಿ ಬಿಟ್ಟರೆ ನಿಮ್ಮ ಮಷಿನ್ ಎಷ್ಟು ಅಗ್ಗವಾಗುತ್ತದೆ, ಅದನ್ನು ಹೇಳಿ.

ಕ್ವಾಲಿಟಿ ಮೇಡಂ

ಇದೇ ನೋಡಿ ಎರಡನೇ ಗೇಟ್. ಒಂದು ಸಾಲಿನಲ್ಲಿ ಒಂದು ಬೆಳೆ ಹೋಯಿತು.

ಸಬ್ಸಿಡಿ ಪಟ್ಟಿಗೆ ಸೇರಿಸುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಪರೀಕ್ಷೆಗೆ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆ ಇದೆ, ಕೇಂದ್ರದ ಸಂಸ್ಥೆಗಳಲ್ಲಿ ನಮಗೆ ಅದೇ ಹತ್ತಿರ. ಅಲ್ಲಿ ಪರೀಕ್ಷೆ ಆಗುವುದು ನೀವು ಕೊಟ್ಟ ಆ ಮಾಡೆಲ್‌ಗೆ. ಆಮೇಲೆ ಡ್ರಮ್ಮು ಬದಲಾಯಿಸಿ ಅದೇ ರಿಪೋರ್ಟ್ ತೋರಿಸುವಂತಿಲ್ಲ. ಹನ್ನೆರಡನೇ "ಫೈನಲ್" ಬರುವ ಮಷಿನನ್ನು ಅಲ್ಲಿಗೆ ಕಳಿಸಬೇಡಿ.

ದುರ್ಗದ ಬಂಡೆ

ಎಲ್ಲ ಸರಿ. ಯಜಮಾನರಿಗೆ ಇದನ್ನು ಹೇಳುವವರು ಯಾರು?

ಕರೂರು ಶೆಡ್

ಹೇಳಿದೆ.

ನಿನ್ನೆ ಸಂಜೆ ಊಟದ ಡಬ್ಬಿ ತೊಳೆಯುವ ಹೊತ್ತಿಗೆ ಯಜಮಾನರ ರೂಮಿಗೆ ಹೋದೆ. ಪದ್ಧತಿ, ಗೇಟ್, ಗೀಟ್ ಏನೂ ಹೇಳಲಿಲ್ಲ. ಗೋಡೌನ್ ಬೀಗದ ಕೈ ತಗೊಂಡು "ಒಂದು ನಿಮಿಷ ಬನ್ನಿ ಸಾರ್" ಅಂದೆ. 21 ಚಿಕ್ಕ ಮಷಿನ್, ಜೊತೆಗೆ ವಾಪಸ್ ಬಂದದ್ದೊಂದು, ಸಾಲಾಗಿ ಕೂತಿದ್ದವು. ಇಲಿ ಬೆಲ್ಟ್ ಕಡಿದಿತ್ತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸಿಟ್ಟು ಬಂತು, ನನ್ನ ಮೇಲೇ. "ಆಗಲೇ ಹೇಳಬೇಕಿತ್ತು" ಅಂದರು. ವೆಲ್ಡರ್ ಹೇಳಿದ್ದ ಮಾತು ಹೇಳಿದೆ. ನಾನು ಅವನಿಗೆ ಏನಂದೆ ಅನ್ನುವುದನ್ನೂ ಹೇಳಿದೆ.

ಡೈ ಅಡ್ವಾನ್ಸ್ ಸದ್ಯಕ್ಕೆ ನಿಂತಿದೆ. ಬೇಡ ಅಂತ ಆಗಿಲ್ಲ, ಈ ಸೀಸನ್ ಮುಗಿಯುವವರೆಗೆ ಅಂತ ಆಗಿದೆ. ರಾಗಿ ತೆಗೆದು ಒಂದು ಮಷಿನ್ ಕೈಯಲ್ಲೇ ಕಟ್ಟುತ್ತಿದ್ದೇವೆ. ಹಾಕುವ ಬಾಯಿ ಎಷ್ಟು ಎತ್ತರ ಇರಬೇಕು ಅಂತ ವೆಲ್ಡರ್ ತನ್ನ ಹೆಂಡತಿಯನ್ನು ಕೇಳಿಕೊಂಡು ಬಂದಿದ್ದಾನೆ. ಟೇಪ್ ಹಿಡಿದು ಅಳೆದು ಬಂದನಂತೆ. ಚಿಕ್ಕ ಮಷಿನ್‌ಗಳಿಗೆ ಬೀಜದವರನ್ನೇ ಹುಡುಕಬೇಕು ಅಂತ ಯಜಮಾನರೇ ಅಂದರು. "ಬೀಜದ ಜೋಳ" ಅವರೇ, ನಿಮಗೆ ಮೆಸೇಜ್ ಮಾಡುತ್ತೇನೆ.

ಯಜಮಾನರು ಈ ಸಲವೂ ಕೃಷಿ ಮೇಳಕ್ಕೆ ಹೋಗುತ್ತಾರೆ. ಫೋಟೋನೂ ತೆಗೆಯುತ್ತಾರೆ, ಅದನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ಬಾಡಿಗೆ ಮಷಿನ್ ಅವರೇ, ಒಂದು ದಿನ ನಿಮ್ಮ ಕಣದಲ್ಲಿ ಬಂದು ನಿಲ್ಲಬಹುದಾ? ನಾನು, ಡ್ರಾಯಿಂಗ್ ಹುಡುಗ, ವೆಲ್ಡರ್. ಸುಮ್ನೆ ನೋಡುತ್ತೇವೆ, ತೊಂದರೆ ಕೊಡುವುದಿಲ್ಲ.

ಜಗಳೂರು ಬಾಡಿಗೆ ಮಷಿನ್

ಮಂಗಳವಾರ ಬನ್ನಿ, ಬೆಳಿಗ್ಗೆ ಆರಕ್ಕೆ. ಮೂಗಿಗೆ ಟವಲ್ ಕಟ್ಟಿಕೊಳ್ಳಿ, ಧೂಳು ಜಾಸ್ತಿ. ಸುಮ್ನೆ ನೋಡುವುದಕ್ಕೆ ಬಿಡುವುದಿಲ್ಲ, ಡ್ರಾಯಿಂಗ್ ಹುಡುಗನ ಕೈಗೆ ಬುಟ್ಟಿ ಕೊಡುತ್ತೇನೆ.